ಗುಗೆನ್‌ಹೈಮ್ ಅರ್ಜಿ, ಮತ್ತು ‘ನಾನು’ ಎಂದು ಬರೆಯುವ ಕಷ್ಟ

ನಿಮ್ಮ ಪತ್ರ ಓದಿದೆ. ಅಮೆರಿಕಕ್ಕೆ ಬಂದು ಒಂದು ವರ್ಷ, ಕೆಲಸದ ಎಚ್-1ಬಿ ವೀಸಾ, ವಿಶ್ವವಿದ್ಯಾಲಯದಲ್ಲಿ ಪಾಠ, ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನವಾದ ತಾಳಮದ್ದಲೆಯ ಮೇಲೆ ಎರಡನೇ ಪುಸ್ತಕದ ಯೋಚನೆ. ಸಹೋದ್ಯೋಗಿಗಳು ಮಾತೆತ್ತಿದರೆ ಗುಗೆನ್‌ಹೈಮ್ ಅನ್ನುತ್ತಾರೆ, ವಿದ್ವಾಂಸರಿಗೂ ಕಲಾವಿದರಿಗೂ ತಮ್ಮ ಕೆಲಸ ಮಾಡಲು ಹಣ ಕೊಡುವ ಫೆಲೋಶಿಪ್ ಅದು. ನಾವೂ ಹಾಕಬಹುದಾ, ಶಿಫಾರಸು ಪತ್ರ ಕೇಳುವುದು ಹೇಗೆ, ಹಿಂದೂಸ್ತಾನಿ ಹಾಡುವ ನಿಮ್ಮ ಹೆಂಡತಿಯೂ ಹಾಕಬಹುದಾ, ಇಷ್ಟು ನಿಮ್ಮ ಪ್ರಶ್ನೆ. ನಾನು ಸಾಗರದ ಕಡೆಯವನು. ಮಿಷಿಗನ್‌ಗೆ ಬಂದು 22 ವರ್ಷವಾಯಿತು, ಕಲಿಸುವುದು ಇತಿಹಾಸ. ಎರಡು ಸಲ ಈ ಅರ್ಜಿ ಹಾಕಿದ್ದೇನೆ, ಎರಡು ಸಲವೂ ಸಿಗಲಿಲ್ಲ. ನಾನು ಪತ್ರ ಬರೆದುಕೊಟ್ಟವರಲ್ಲಿ ಇಬ್ಬರಿಗೆ ಸಿಕ್ಕಿದೆ. ಹಾಗಾಗಿ ನನ್ನ ಮಾತಿಗೆ ಎಷ್ಟು ತೂಕ ಕೊಡಬೇಕೋ ನೀವೇ ನೋಡಿಕೊಳ್ಳಿ.

ಕಹಿ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಇದು ಅಮೆರಿಕ ಮತ್ತು ಕೆನಡಾದ ನಾಗರಿಕರಿಗೆ, ಖಾಯಂ ನಿವಾಸಿಗಳಿಗೆ ಮಾತ್ರ. ಗ್ರೀನ್ ಕಾರ್ಡ್ ಕೈಗೆ ಬರುವ ತನಕ ನೀವು ಹಾಕುವಂತಿಲ್ಲ. ಭಾರತದಲ್ಲಿ ಹುಟ್ಟಿದವರ ಸರತಿ ಎಷ್ಟು ಉದ್ದ ಅಂತ ನಿಮಗೆ ಇಷ್ಟರಲ್ಲೇ ಯಾರಾದರೂ ಹೆದರಿಸಿರುತ್ತಾರೆ. ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ದೇಶಕ್ಕೂ 7 ಶೇಕಡಾಕ್ಕಿಂತ ಹೆಚ್ಚಿಲ್ಲ ಅನ್ನುವ ಮಿತಿಯಿಂದ ಆಗಿರುವ ಸರತಿ ಅದು. ಆದರೆ ನಿಮಗೆ ಈಗಲೇ ಬಾಗಿಲು ತೆರೆದಿರುವ ಕಡೆಗಳೂ ಇವೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್, ಮೈಸೂರಿನಲ್ಲಿ ಕನ್ನಡ ಕಲಿಸುವ ಕಾರ್ಯಕ್ರಮ ನಡೆಸುತ್ತದಲ್ಲ, ಅದೇ ಸಂಸ್ಥೆ, ಇಲ್ಲಿನ ಕಾಲೇಜುಗಳಲ್ಲಿ ಪೂರ್ಣಾವಧಿ ಕಲಿಸುವ ವಿದೇಶಿಯರಿಗೂ ಭಾರತದಲ್ಲಿ ಕೂತು ಕೆಲಸ ಮಾಡಲು ಫೆಲೋಶಿಪ್ ಕೊಡುತ್ತದೆ. ಹಾರ್ವರ್ಡ್‌ನ ರ‍್ಯಾಡ್‌ಕ್ಲಿಫ್ ಇನ್‌ಸ್ಟಿಟ್ಯೂಟ್ ಪೌರತ್ವ ಕೇಳುವುದಿಲ್ಲ, ಆದರೆ ಒಂದು ಶೈಕ್ಷಣಿಕ ವರ್ಷ ಅಲ್ಲೇ ಹೋಗಿ ಇರಬೇಕು. ಯಾವುದಕ್ಕೇ ಹಾಕುವ ಮೊದಲೂ ನಿಮ್ಮ ವಿಶ್ವವಿದ್ಯಾಲಯದ ವೀಸಾ ಕಚೇರಿಗೆ ಹೋಗಿ, ಹೊರಗಿನ ಹಣ ತೆಗೆದುಕೊಳ್ಳಬಹುದೇ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಇಸಿದುಕೊಳ್ಳಿ.

ಇಲ್ಲಿ ಹೊಸಬರಿಗೆ ಎರಡು ಗೊಂದಲ ಆಗುತ್ತದೆ, ನನಗೂ ಆಗಿತ್ತು. ನ್ಯೂಯಾರ್ಕಿನ ಆ ಸುರುಳಿ ಸುರುಳಿ ಮ್ಯೂಸಿಯಂಗೂ ಈ ಫೆಲೋಶಿಪ್‌ಗೂ ಸಂಬಂಧವಿಲ್ಲ. ಮ್ಯೂಸಿಯಂ ಅಣ್ಣ ಸಾಲಮನ್‌ನದು. ಫೆಲೋಶಿಪ್ ತಮ್ಮ ಸೈಮನ್‌ನದು. ಗಣಿ ಮತ್ತು ಲೋಹದ ಕುಲುಮೆಗಳಿಂದ ಸಿರಿವಂತರಾದ ಮನೆತನ, ಸೈಮನ್ ಕೊಲರಾಡೋದಿಂದ ಸೆನೆಟರ್ ಆಗಿದ್ದವರು. 1922ರಲ್ಲಿ, ಕಾಲೇಜಿಗೆ ಸೇರುವ ಮೊದಲೇ, ಮಗ ಜಾನ್ ತೀರಿಕೊಂಡ. ಗಂಡ ಹೆಂಡತಿ ಸೇರಿ ಅವನ ಹೆಸರಲ್ಲಿ ಕಟ್ಟಿದ ನಿಧಿ ಇದು. ಇನ್ನೊಂದು ಗೊಂದಲ ಮ್ಯಾಕ್‌ಆರ್ಥರ್ ಫೆಲೋಶಿಪ್. ಎ. ಕೆ. ರಾಮಾನುಜನ್ ಅವರಿಗೆ 1983ರಲ್ಲಿ ಬಂದದ್ದು ಅದು. ಅದಕ್ಕೆ ಅರ್ಜಿಯೇ ಇಲ್ಲ, ಯಾರೋ ಗುಟ್ಟಾಗಿ ಹೆಸರು ಸೂಚಿಸಬೇಕು, ಒಂದು ದಿನ ಫೋನ್ ಬರಬೇಕು. ಗುಗೆನ್‌ಹೈಮ್‌ಗೆ ಹಾಗಲ್ಲ, ನೀವೇ ಬಾಯಿ ಬಿಟ್ಟು ಕೇಳಬೇಕು. ನಮ್ಮ ಪಾಲಿಗೆ ಕಷ್ಟ ಶುರುವಾಗುವುದು ಅಲ್ಲೇ.

ಅರ್ಜಿಯಲ್ಲಿ ಹೆಚ್ಚೇನೂ ಇಲ್ಲ. ಶುಲ್ಕವಿಲ್ಲ. ನೀವು ಇಲ್ಲಿಯವರೆಗೆ ಮಾಡಿದ್ದರ ಕಥನ, ಪ್ರಕಟಣೆಗಳ ಪಟ್ಟಿ, ಮುಂದೆ ಮಾಡಬೇಕೆಂದಿರುವುದರ ಬಗ್ಗೆ ಮೂರು ಪುಟ ಮೀರದ ಯೋಜನೆ, ಪತ್ರ ಬರೆಯುವವರು ನಾಲ್ವರವರೆಗೆ. ಕೊನೆಯ ದಿನ ಸೆಪ್ಟೆಂಬರ್ ಮಧ್ಯದಲ್ಲಿ, ಅಂದರೆ ಸರಿಯಾಗಿ ಸೆಮಿಸ್ಟರ್ ಶುರುವಾಗಿ, ಚೌತಿಗೆ ಕನ್ನಡ ಕೂಟದವರು ನಿಮ್ಮನ್ನು ಕುರ್ಚಿ ಜೋಡಿಸಲು ಕರೆಯುವ ಹೊತ್ತಿಗೆ. ಫಲಿತಾಂಶ ಏಪ್ರಿಲ್‌ನಲ್ಲಿ. 1925ರ ಮೊದಲ ತಂಡದಲ್ಲಿ 15 ಜನ ಇದ್ದರು. 2025ರ ನೂರನೇ ತಂಡದಲ್ಲಿ 198. ಆ ವರ್ಷ ಹಾಕಿದವರು ಸುಮಾರು 3,500.

ಇನ್ನು ಆ ಕಥನದ ಮಾತು. ತಾಳಮದ್ದಲೆ ಓದುವ ನಿಮಗೆ ಕರ್ಣಪರ್ವ ನಾನು ಹೇಳಬೇಕಿಲ್ಲ. ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವರ ತಲೆ ತೆಗೆಯುತ್ತೇನೆಂದು ಅರ್ಜುನನ ಶಪಥ. ಕರ್ಣನಿಂದ ಪೆಟ್ಟು ತಿಂದು ಬಂದ ಧರ್ಮರಾಯ ಅದೇ ಮಾತು ಆಡಿಬಿಡುತ್ತಾನೆ. ಹಿರಿಯನನ್ನು ಏಕವಚನದಲ್ಲಿ ಬೈದರೆ ಕೊಂದಂತೆಯೇ, ಬೈದುಬಿಡು ಅನ್ನುತ್ತಾನೆ ಕೃಷ್ಣ. ಬೈದ ಪಾಪಕ್ಕೆ ಅರ್ಜುನ ತಾನೇ ಸಾಯಲು ಹೊರಟರೆ, ನಿನ್ನನ್ನು ನೀನೇ ಹೊಗಳಿಕೋ, ಅದೂ ಆತ್ಮಹತ್ಯೆಯೇ ಅನ್ನುತ್ತಾನೆ. ಸಣ್ಣವನಿದ್ದಾಗ ದೇವಸ್ಥಾನದ ಚಪ್ಪರದಲ್ಲಿ, ಅಜ್ಜನ ಶಾಲಿನೊಳಗೆ ತೂಕಡಿಸುತ್ತಾ ಇದನ್ನು ಕೇಳಿದವನು ನಾನು. ಅಂಥವನಿಗೆ ಮೊದಲ ಸಲ ‘ನಿಮ್ಮ ಸಾಧನೆಯ ಬಗ್ಗೆ ಬರೆಯಿರಿ’ ಎಂದು ಕಂಡಾಗ ಕೈ ಓಡಲಿಲ್ಲ. ‘ನಾನು’ ಬರಬೇಕಾದ ಕಡೆಯೆಲ್ಲ ‘ಈ ಸಂಶೋಧನೆಯು’ ಅಂತ ಬರೆದೆ. ಓದಿ ನೋಡಿದ ಸಹೋದ್ಯೋಗಿಯೊಬ್ಬರು, ಇದರಲ್ಲಿ ಮನುಷ್ಯರು ಯಾರೂ ಇಲ್ಲವಲ್ಲ ಅಂದರು.

ಇದರ ತಿರುಗುಮುರುಗು ಇನ್ನೊಂದು ಅಪಾಯವಿದೆ, ಅದು ನಮ್ಮವರಿಗೇ ವಿಶೇಷ. ಗ್ರೀನ್ ಕಾರ್ಡಿಗೆ ‘ಅಸಾಧಾರಣ ಸಾಮರ್ಥ್ಯ’ದ ವರ್ಗದಲ್ಲಿ ಹಾಕುವಾಗ ವಕೀಲರು ನಮ್ಮ ಬಗ್ಗೆ ಬರೆಸುವ ಭಾಷೆ ನೋಡಿದ್ದೀರಲ್ಲ, ಅದ್ವಿತೀಯ, ಜಗತ್ತಿನಲ್ಲೇ ಬೆರಳೆಣಿಕೆಯವರಲ್ಲಿ ಒಬ್ಬರು, ಹೀಗೆ. ಅದೇ ಪತ್ರಗಳ ಮಾತು ಎತ್ತಿ ಫೆಲೋಶಿಪ್ ಅರ್ಜಿಗೆ ಅಂಟಿಸುವವರಿದ್ದಾರೆ. ವಲಸೆ ಅಧಿಕಾರಿಗೆ ನಿಮ್ಮ ಕ್ಷೇತ್ರ ಗೊತ್ತಿಲ್ಲ, ಆತನಿಗೆ ಆ ಅಬ್ಬರ ಬೇಕು. ಇಲ್ಲಿ ಮೊದಲು ಓದುವವರು ನಿಮ್ಮ ಕ್ಷೇತ್ರದಲ್ಲೇ ಹಿಂದೆ ಈ ಫೆಲೋಶಿಪ್ ಪಡೆದವರು. ಅವರಿಗೆ ನಗು ಬರುತ್ತದೆ, ಅಷ್ಟೇ. ಏನು ಮಾಡಿದೆ, ಅದರಿಂದ ಯಾವ ಪ್ರಶ್ನೆ ಹುಟ್ಟಿತು, ಅದನ್ನು ಬೆನ್ನಟ್ಟಿ ಎಲ್ಲಿಗೆ ಹೋದೆ, ಇದನ್ನು ನಡೆದ ಹಾಗೆ ಹೇಳಿ. ಅದು ಹೊಗಳಿಕೆಯಲ್ಲ, ವರದಿ. ಕೃಷ್ಣನ ಲೆಕ್ಕದಲ್ಲೂ ಅದಕ್ಕೆ ಸಾವಿಲ್ಲ.

ಯೋಜನೆಯ ಮೂರು ಪುಟವನ್ನು ಕೊನೆಗೆ ಆಯ್ಕೆ ಸಮಿತಿಯಲ್ಲಿ ಬೇರೆ ಕ್ಷೇತ್ರದವರೂ ನೋಡುತ್ತಾರೆ ಅನ್ನುವುದು ನನಗೆ ಮೊದಲ ಸಲ ತಲೆಗೆ ಹೋಗಿರಲಿಲ್ಲ. ನನ್ನ ವಿಷಯ ಸೊಪ್ಪಿನಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ‘ವಸಾಹತು ಕಾಲದ ಅರಣ್ಯ ನೀತಿಯ ರಾಜಕೀಯ ಪರಿಸರ’ ಅಂತ ಶುರು ಮಾಡಿದ್ದೆ. ಎರಡನೇ ಸಲ ಶುರು ಮಾಡಿದ್ದು ಹೀಗೆ: ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟ ಬದುಕಬೇಕಾದರೆ ಅದಕ್ಕೆ ಒಂಬತ್ತು ಎಕರೆಯ ತನಕ ಕಾಡಿನ ಸೊಪ್ಪು ಬೇಕು ಎಂದು ಬ್ರಿಟಿಷ್ ಅಧಿಕಾರಿಗಳೇ ಒಪ್ಪಿಕೊಂಡರು, ಹಾಗಾದರೆ ಆ ತೋಟದ ಗಡಿ ಎಲ್ಲಿದೆ? ನನ್ನ ನೆರೆಮನೆಯ ಭೌತವಿಜ್ಞಾನಿ ಇದನ್ನು ಓದಿ, ಎಲ್ಲಿದೆ, ಹೇಳು ಅಂತ ಬೇಲಿಯ ಹತ್ತಿರ ನಿಂತು ಜಗಳ ತೆಗೆದ. ಅರ್ಜಿ ತಿರಸ್ಕಾರವಾಯಿತು ನಿಜ, ಪುಸ್ತಕ ಮಾತ್ರ ಅದೇ ಪ್ರಶ್ನೆಯಿಂದ ಶುರುವಾಗಿದೆ. ನೀವು ಕಳಿಸಿದ ಸಾರಾಂಶದಲ್ಲಿ ‘ಪ್ರದರ್ಶನಾತ್ಮಕತೆ’ ಅನ್ನುವ ಪದ ಏಳು ಸಲ ಇದೆ. ಮಾತಿಗೆ ಬರೆದ ಪಠ್ಯವೇ ಇಲ್ಲದೆ, ವೇಷವೂ ಇಲ್ಲದೆ, ಭಾಗವತರ ಪದದ ಬೆನ್ನಿಗೆ ಇಬ್ಬರು ಕೂತಲ್ಲೇ ರಾತ್ರಿಯಿಡೀ ವಾದ ಮಾಡುವುದು ಅನ್ನುವ ಸಂಗತಿ ಒಂದೇ ಒಂದು ಸಲ, ಅದೂ ಅಡಿಟಿಪ್ಪಣಿಯಲ್ಲಿ. ಮೇಲೆ ತನ್ನಿ ಅದನ್ನು.

ಹಿರಿಯರಿಗೆ ಕರಡು ತೋರಿಸುವುದಕ್ಕೆ ನಾಚಿಕೆ ಬೇಡ. ಸ್ವಿಟ್ಜರ್ಲೆಂಡಿನಿಂದ 1947ರಲ್ಲಿ ವಲಸೆ ಬಂದ ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್, 1955ರಲ್ಲಿ ಈ ಫೆಲೋಶಿಪ್ ಪಡೆದು ದೇಶವಿಡೀ ಕಾರಿನಲ್ಲಿ ಸುತ್ತಿದರು. ತೆಗೆದ ಸಾವಿರಾರು ಚಿತ್ರಗಳಲ್ಲಿ ಕೊನೆಗೆ ಪುಸ್ತಕಕ್ಕೆ ಉಳಿಸಿಕೊಂಡದ್ದು 83. ಅವರ ಅರ್ಜಿಗೆ ಕೈಜೋಡಿಸಿದವರು ವಾಕರ್ ಎವನ್ಸ್, ತಾವೂ ಇದೇ ಫೆಲೋಶಿಪ್ ಪಡೆದಿದ್ದ ಹಿರಿಯ ಛಾಯಾಗ್ರಾಹಕ.

ಪತ್ರ ಕೇಳುವುದು. ಊರಿನಲ್ಲಿ ಮೇಷ್ಟ್ರ ಪತ್ರ ಅಂದರೆ ನಡತೆ ಪ್ರಮಾಣಪತ್ರ: ಇವನು ವಿಧೇಯ, ಶ್ರಮಜೀವಿ, ಒಳ್ಳೆಯ ಮನೆತನದವನು. ಅದು ಇಲ್ಲಿ ಕೆಲಸಕ್ಕೆ ಬಾರದು. ನಿಮ್ಮ ಪುಸ್ತಕ ಓದಿ, ಅದರ ಯಾವ ಅಧ್ಯಾಯ ತಮಗೆ ಒಪ್ಪಿಗೆಯಿಲ್ಲ ಅಂತಲೂ ಹೇಳಬಲ್ಲವರು ಬೇಕು. ಜುಲೈನಲ್ಲೇ ಕೇಳಿ, ಯೋಜನೆಯ ಕರಡು ಜೊತೆಗೇ ಕಳಿಸಿ. ಮತ್ತೆ ನೆನಪಿಸಿ. ನನ್ನ ಮೊದಲ ಸಲದಲ್ಲಿ ದೊಡ್ಡ ಹೆಸರಿನ ಒಬ್ಬರು ಖಂಡಿತ ಬರೆಯುತ್ತೇನೆ ಅಂದವರು ಬರೆಯಲೇ ಇಲ್ಲ. ನೆನಪಿಸಿದರೆ ಅಧಿಕಪ್ರಸಂಗ ಆದೀತೆಂದು ನಾನು ಸುಮ್ಮನಿದ್ದೆ. ಆಮೇಲೆ ಸಿಕ್ಕಾಗ ಅವರೇ, ಒಂದು ಸಾಲು ಹಾಕಬಾರದಿತ್ತೇ ಮಾರಾಯ ಅನ್ನುವ ಧಾಟಿಯಲ್ಲಿ ಬೈದರು. ಈ ದೇಶದಲ್ಲಿ ನೆನಪಿಸುವುದು ಮರ್ಯಾದೆ, ಇದನ್ನು ಅರಗಿಸಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು.

ಹಣ ಎಲ್ಲರಿಗೂ ಒಂದೇ ಮೊತ್ತವಲ್ಲ. ನಿಮ್ಮ ಇತರ ಆದಾಯ, ಕೆಲಸದ ವ್ಯಾಪ್ತಿ ನೋಡಿ ಕೊಡುತ್ತಾರೆ. ಆರರಿಂದ ಹನ್ನೆರಡು ತಿಂಗಳಿಗೆ. ಖರ್ಚಿನ ಮೇಲೆ ಕಟ್ಟುಪಾಡಿಲ್ಲ. ಸಂಬಳದ ಕೊರತೆಯನ್ನು ವಿಶ್ವವಿದ್ಯಾಲಯ ತುಂಬಿಕೊಡುತ್ತದೆಯೇ ಅಂತ ಅರ್ಜಿಗೆ ಮುಂಚೆಯೇ ಡೀನ್ ಬಳಿ ಕೇಳಿ. ಪದವಿಗೆ ಓದುತ್ತಿಲ್ಲದವರಿಗೆ ಇದು ತೆರಿಗೆ ಬೀಳುವ ಆದಾಯ, ಸಂಬಳದ ಹಾಗೆ ಯಾರೂ ಮೊದಲೇ ಮುರಿದುಕೊಂಡಿರುವುದಿಲ್ಲ; ಮೂರು ತಿಂಗಳಿಗೊಮ್ಮೆ ನೀವೇ ಅಂದಾಜು ಕಟ್ಟದಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ಕಣ್ಣು ಕತ್ತಲೆ ಬರುತ್ತದೆ.

ನಿಮ್ಮ ಹೆಂಡತಿಯ ವಿಷಯ: ಬೇರೆಯವರು ರಚಿಸಿದ್ದನ್ನು ಪ್ರಸ್ತುತಪಡಿಸುವ ಕಲಾವಿದರಿಗೆ ಗುಗೆನ್‌ಹೈಮ್ ಇಲ್ಲ. ಸಂಗೀತ ರಚಿಸುವವರಿಗೆ, ನೃತ್ಯ ಸಂಯೋಜಕರಿಗೆ ಉಂಟು. ಖಯಾಲ್ ಹಾಡುವಾಗ ಬಂದಿಶ್, ಅಂದರೆ ಮೊದಲೇ ಕಟ್ಟಿದ ಹಾಡು, ಎರಡು ಸಾಲು, ಉಳಿದ ನಲವತ್ತು ನಿಮಿಷ ಯಾರ ರಚನೆ ಅಂತ ನಿಮ್ಮ ಹೆಂಡತಿ ಕೇಳಬಹುದು, ನ್ಯಾಯವಾದ ಪ್ರಶ್ನೆ. ತಾಳಮದ್ದಲೆಯಲ್ಲಿ ಕೂತು ವಾದಿಸುವ ನಿಮ್ಮ ಅರ್ಥಧಾರಿಗಳೂ ಅದನ್ನೇ ಕೇಳಿಯಾರು. ನಿಮ್ಮ ಹೆಂಡತಿಯ ಸ್ವಂತ ಬಂದಿಶ್‌ಗಳಿದ್ದರೆ, ಗ್ರೀನ್ ಕಾರ್ಡ್ ಬಂದ ಮೇಲೆ, ಸಂಗೀತ ರಚನೆಯ ವಿಭಾಗದಲ್ಲಿ ಹಾಕಲಿ.

ಸದ್ಯಕ್ಕೆ ಮೊದಲ ಪುಟವನ್ನು ಕನ್ನಡದಲ್ಲೇ ಬರೆದು ನನಗೆ ಕಳಿಸಿ, ‘ಪ್ರದರ್ಶನಾತ್ಮಕತೆ’ ಬಿಟ್ಟು. ಶನಿವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ, ಫೋನ್‌ನಲ್ಲೇ ಓದಿ ಜಗಳ ಆಡೋಣ.