ಕಲ್ಲಿನ ಯುಗದಲ್ಲೊಂದು ಅಮೆರಿಕದ ಸಂಸಾರ

ಪ್ರಶ್ನೆ: ಚಿಕ್ಕವಳಿದ್ದಾಗ ಶಾಲೆಯಿಂದ ಬಂದೊಡನೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಕಲ್ಲಿನ ಯುಗದ ಸಂಸಾರವೊಂದರ ಕಥೆ ‘ದ ಫ್ಲಿಂಟ್‌ಸ್ಟೋನ್ಸ್’ ನೋಡುತ್ತಿದ್ದೆ. ಈಚೆಗೆ ಮಗಳ ಜೊತೆ ಕೂತು ಮತ್ತೆ ನೋಡಿದಾಗ, ಕಸ ತಿನ್ನುವ ಹಂದಿ, ಧೂಳು ಹೀರುವ ಆನೆಮರಿ ಇವೆಲ್ಲ ಬರೀ ತಮಾಷೆಯಲ್ಲ, ಯಾರನ್ನೋ ಕುಟುಕುತ್ತಿವೆ ಅನ್ನಿಸಿತು. ಮಕ್ಕಳ ಕಾರ್ಯಕ್ರಮದಲ್ಲಿ ದೊಡ್ಡವರಿಗಾಗಿ ಬೇಕೆಂದೇ ವ್ಯಂಗ್ಯವನ್ನು ಅಡಗಿಸಿಡುತ್ತಿದ್ದರೇ, ಇಲ್ಲ ಇದು ನನ್ನ ಕಲ್ಪನೆಯೇ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಲ್ಪನೆಯಲ್ಲ. ಆದರೆ ಆ ವ್ಯಂಗ್ಯವನ್ನು ಯಾರೂ ಅಡಗಿಸಿಡಬೇಕಾಗಿರಲಿಲ್ಲ, ಏಕೆಂದರೆ ಕಾರ್ಯಕ್ರಮ ಹುಟ್ಟಿದ್ದೇ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ರೂಪಿಸಿದ ಈ ಸರಣಿ 1960ರ ಸೆಪ್ಟೆಂಬರ್ 30ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾಯಿತು. ಅದಕ್ಕೆ ಸಿಕ್ಕ ಸಮಯ ಶುಕ್ರವಾರ ರಾತ್ರಿ ಎಂಟೂವರೆ, ಅಂದರೆ ಇಡೀ ಸಂಸಾರ ಟಿವಿ ಮುಂದೆ ಕೂರುವ ಹೊತ್ತು. ಬಸ್ ಚಾಲಕನೊಬ್ಬನ ಮನೆಯ ಕಥೆಯಾಗಿದ್ದ ‘ದ ಹನಿಮೂನರ್ಸ್’ ಎಂಬ ಹಾಸ್ಯ ಧಾರಾವಾಹಿಯ ಅಚ್ಚು ಇದರ ಮೇಲೆ ಎದ್ದು ಕಾಣುತ್ತದೆ: ಬಾಯಿ ಜೋರಿನ ಗಂಡ, ಅವನಿಗಿಂತ ಬುದ್ಧಿವಂತೆಯಾದ ಹೆಂಡತಿ, ಪಕ್ಕದ ಮನೆಯ ಸಾಧು ಗೆಳೆಯ. ನಮ್ಮಲ್ಲಂತೂ 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದ ಮೇಲೆ ಅದು ಮಕ್ಕಳದೆಂಬ ಹಣೆಪಟ್ಟಿ ಹೊತ್ತೇ ಮನೆಯೊಳಗೆ ಬಂತು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳ ಹೊರವಲಯದ ಬಡಾವಣೆಗಳಲ್ಲಿ ಮನೆಗೊಂದು ಕಾರು, ಕೆಲಸಕ್ಕೊಂದು ಯಂತ್ರ ಎಂಬ ಬದುಕು ಹರಡಿತ್ತು. ಅದನ್ನೇ ಎತ್ತಿ ಕಲ್ಲಿನ ಯುಗದಲ್ಲಿಟ್ಟಾಗ ಅದರ ವಿಚಿತ್ರ ತಾನಾಗಿ ಬಯಲಾಗುತ್ತದೆ. ಕಾರಿದೆ, ಆದರೆ ಓಡಬೇಕಾದದ್ದು ಒಡೆಯನ ಕಾಲು. ಯಂತ್ರದ ಬದಲು ದುಡಿಯುವ ಹಕ್ಕಿಯೋ ಆನೆಮರಿಯೋ ನಮ್ಮ ಕಡೆ ತಿರುಗಿ ‘ಏನೋ, ಹೊಟ್ಟೆಪಾಡು’ ಎಂಬರ್ಥದ ಮಾತೊಂದನ್ನು ಗೊಣಗಿ ಮತ್ತೆ ಕೆಲಸಕ್ಕೆ ತೊಡಗುತ್ತದೆ; ಮನೆಯ ಯಜಮಾನ ಫ್ರೆಡ್ ಕೂಡ ಕಲ್ಲು ಕ್ವಾರಿಯಲ್ಲಿ ಡೈನೋಸಾರಿನ ಬೆನ್ನೇರಿ, ಧಣಿಯ ಗದರಿಕೆ ಕೇಳಿಕೊಂಡು, ಪಾಳಿ ಮುಗಿಯುವುದನ್ನೇ ಕಾಯುತ್ತಿರುತ್ತಾನೆ. ಈ ಇಬ್ಬರ ಪಾಡೂ ಒಂದೇ ಎಂಬುದು ತಿಂಗಳ ಸಂಬಳಕ್ಕೆ ದುಡಿದವರಿಗಲ್ಲದೆ ಹೊಳೆಯುವುದು ಕಷ್ಟ. ಹಾಗೆಯೇ ‘ಸ್ಟೋನಿ ಕರ್ಟಿಸ್’ ಎಂಬ ಪಾತ್ರದ ಹೆಸರು ಕೇಳಿ ಹಾಲಿವುಡ್ಡಿನ ನಟ ಟೋನಿ ಕರ್ಟಿಸ್ ನೆನಪಾಗದ ಮಗುವಿಗೆ ಅಲ್ಲಿ ನಗಲು ಏನೂ ಇಲ್ಲ.

ಬಾಲ್ಯದಲ್ಲಿ ಇದು ತಪ್ಪಿಹೋಗಲು ಚಿತ್ರ ಬರೆದ ಬಗೆಯೂ ಕಾರಣ. ಟಿವಿಯ ಕಡಿಮೆ ಖರ್ಚಿಗೆ ಹೊಂದಿಸಲು ಚಿತ್ರಗಳ ಸಂಖ್ಯೆಯನ್ನು ಬಹಳ ತಗ್ಗಿಸಿದ್ದರು. ಪಾತ್ರಗಳು ಓಡುವಾಗ ಹಿಂದೆ ಅದೇ ಮನೆ, ಅದೇ ಮರ ಸುತ್ತಿ ಸುತ್ತಿ ಬರುವುದನ್ನು ನೀವು ಗಮನಿಸಿರಬಹುದು. ಇದೇ ಜೋಡಿ ಹಿಂದೆ ಮಾಡಿದ್ದ ‘ಟಾಮ್ ಅಂಡ್ ಜೆರ್ರಿ’ಯಲ್ಲಿ ಓಟವೇ ನಗಿಸುತ್ತಿದ್ದರೆ, ಇಲ್ಲಿ ಹಾಸ್ಯದ ಭಾರ ಬಹುಪಾಲು ಸಂಭಾಷಣೆಯ ಮೇಲೆ ಬಿತ್ತು. ಇಂಗ್ಲಿಷ್ ಅರೆಬರೆ ತಿಳಿಯುತ್ತಿದ್ದ ನಮ್ಮ ಮಕ್ಕಳಿಗೆ ದಕ್ಕಿದ್ದು ಚಿತ್ರ ಮಾತ್ರ.

ಆದರೂ ಇದನ್ನು ಹರಿತವಾದ ವಿಡಂಬನೆ ಎನ್ನಲು ನನಗೆ ಮನಸ್ಸಿಲ್ಲ. ಕೊಳ್ಳುಬಾಕತನವನ್ನು ಗೇಲಿ ಮಾಡಿದ ಸರಣಿ ನಡೆಯುತ್ತಿದ್ದುದು ಸರಕು ಮಾರುವವರ ದುಡ್ಡಿನಲ್ಲಿ, ಮತ್ತು ಆರಂಭದ ದಿನಗಳಲ್ಲಿ ಅವರ ಪೈಕಿ ವಿನ್‌ಸ್ಟನ್ ಸಿಗರೇಟಿನವರೂ ಇದ್ದರು. ಹೆಂಡತಿಯರು ಮನೆಗೆಲಸದಲ್ಲಿ ಬೆವರುತ್ತಿರುವಾಗ ಫ್ರೆಡ್ ಮತ್ತು ಪಕ್ಕದ ಮನೆಯ ಗೆಳೆಯ ಬಾರ್ನಿ, ಆ ಕಷ್ಟ ಕಣ್ಣಿಗೆ ಬೀಳದಿರಲೆಂದು ಮನೆಯ ಹಿಂಬದಿಗೆ ಹೋಗಿ, ನೆಮ್ಮದಿಯಾಗಿ ಸಿಗರೇಟು ಸೇದುವ ಜಾಹೀರಾತೊಂದಿದೆ. ಅಲ್ಲಿ ಕುಟುಕುವವರು ಯಾರೂ ಇಲ್ಲ.