ಬೋಟಿಗೆ ಡೀಸೆಲ್ ಟ್ಯಾಂಕ್ ಒಂದು ಸಾಕಾ, ಎರಡು ಬೇಕಾ?

32 ಅಡಿ ಬೋಟು, ಒಂದೇ ಇಂಜಿನ್, ಬೆಳಗಿನ ಜಾವ ಹೋಗಿ ಸಂಜೆ ವಾಪಸ್. ಒಂದು ಟ್ಯಾಂಕ್ ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಎರಡು ಹಾಕಿಸುವ ಯೋಚನೆ ನಿಮ್ಮದು. ನಾನೂ ಬೋಟು ಕಟ್ಟಿಸುವಾಗ ಇದೇ ಮಾತು ಹೇಳಿದ್ದೆ.

ನಮ್ಮದು ಉಡುಪಿ ಜಿಲ್ಲೆಯ ಗಂಗೊಳ್ಳಿ. ಬಲೆ ಎಳೆದು ಮೀನು ಹಿಡಿಯುವ ಸಣ್ಣ ಟ್ರಾಲ್ ಬೋಟು. ಇಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು ಟ್ಯಾಂಕ್, ತಲಾ 300 ಲೀಟರ್. ಎರಡರ ತಳಕ್ಕೂ ಸೇರಿಸಿ ಒಂದು ಪೈಪ್, ಅದರ ನಡುವೆ ಒಂದು ವಾಲ್ವ್. "ಈ ವಾಲ್ವ್ ಮುಚ್ಚಿಯೇ ಇರಲಿ, ಬೇಕಾದಾಗ ಮಾತ್ರ ತೆರೆಯಿರಿ" ಅಂತ ನಮ್ಮ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ತೆರೆದೇ ಇಟ್ಟೆ. ನನಗೆ ನಷ್ಟವಾದದ್ದು ಅಲ್ಲೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡೀಸೆಲ್ ಇಂಜಿನ್ ಎಳೆದುಕೊಂಡ ಎಣ್ಣೆಯನ್ನೆಲ್ಲ ಸುಡುವುದಿಲ್ಲ. ಪಂಪ್ ಮತ್ತು ಇಂಜಿನ್ನಿನೊಳಗೆ ಎಣ್ಣೆ ಸಿಂಪಡಿಸುವ ನಾಝಲ್‌ನಿಂದ ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತದೆ. ನನ್ನ ಬೋಟಿನಲ್ಲಿ ಆ ರಿಟರ್ನ್ ಬಲ ಟ್ಯಾಂಕಿಗೆ ಮಾತ್ರ ಇತ್ತು. ಎರಡಕ್ಕೂ ಕೊಟ್ಟು ವಾಲ್ವ್ ಇಡಬೇಕಿತ್ತು. ಖರ್ಚು ಉಳಿಯಲಿ ಅಂತ ನಾನೇ ಬೇಡ ಅಂದಿದ್ದೆ. ಒಂದು ದಿನ ತಾಂಡೇಲರ ಮಾತಿನಂತೆ ನಡುವಿನ ವಾಲ್ವ್ ಮುಚ್ಚಿ, ಎಡ ಟ್ಯಾಂಕಿನಿಂದ ಓಡಿಸಿದೆವು. ಉಳಿದ ಎಣ್ಣೆಯೆಲ್ಲ ಆಗಲೇ ತುಂಬಿದ್ದ ಬಲ ಟ್ಯಾಂಕಿಗೆ ಹೋಗಿ, ಗಾಳಿ ಪೈಪಿನಿಂದ ಉಕ್ಕಿ ಬೋಟೆಲ್ಲ ಡೀಸೆಲ್ ಆಯಿತು. ಆಗ ರಿಟರ್ನ್ ಸರಿ ಮಾಡಿಸಬೇಕಿತ್ತು ಅಲ್ವಾ? ನಾನು ನಡುವಿನ ವಾಲ್ವ್ ತೆರೆದು ಬಿಟ್ಟೆ. ಎರಡೂ ಕಡೆ ಮಟ್ಟ ಒಂದೇ ಇರುತ್ತದೆ, ಬೋಟು ವಾಲುವುದಿಲ್ಲ, ಟ್ಯಾಂಕ್ ಬದಲಾಯಿಸುವ ತಲೆಬಿಸಿಯೂ ಇಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಆಮೇಲೆ ಮೀನುಗಾರಿಕೆಗೆ ಮಳೆಗಾಲದ ರಜೆ ಬಂತು. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಬಲ ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು. ಟಾರ್ಪಾಲಿನ ಅಡಿಗೆ ಯಾರೂ ನೋಡಲಿಲ್ಲ. ಮಳೆನೀರು ನಿಧಾನ ಇಳಿಯಿತು. ಡೀಸೆಲ್‌ಗಿಂತ ನೀರು ಭಾರ, ತಳಕ್ಕೆ ಹೋಗಿ ಕೂರುತ್ತದೆ. ಜೋಡಿಸಿದ ಪೈಪ್ ಇದ್ದದ್ದೂ ತಳದಲ್ಲೇ. ಹಾಗಾಗಿ ಆ ಪೈಪಿನಲ್ಲಿ ಎಲ್ಲಕ್ಕಿಂತ ಮೊದಲು ದಾಟಿದ್ದು ನೀರು. ಬಲಗಡೆ ಇಳಿದ ನೀರು ಎರಡೂ ಟ್ಯಾಂಕಿಗೆ ಸಮನಾಗಿ ಹಂಚಿಹೋಯಿತು.

ಆಗಸ್ಟಿನ ಮೊದಲ ವಾರ ಕಡಲಿಗಿಳಿದೆವು. ಬಂದರಿನಲ್ಲಿ ಇಂಜಿನ್ ಚೆನ್ನಾಗಿಯೇ ಓಡಿತು. ಅಲ್ಲಿ ಬೋಟು ಅಲುಗಾಡುವುದಿಲ್ಲ, ತಳದ ನೀರು ತಳದಲ್ಲೇ, ಎಣ್ಣೆ ಎಳೆಯುವ ಪೈಪಿನ ಬಾಯಿಗಿಂತ ಕೆಳಗೆ ಇರುತ್ತದೆ. ಹೋಗುವಾಗ ಕಡಲೂ ಶಾಂತ. ವಾಪಸ್ ಬರುವಾಗ ಗಾಳಿ ಎದ್ದಿತು. ಗಂಗೊಳ್ಳಿಯ ಅಳಿವೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಐದು ನದಿಗಳ ನೀರು ಅಲ್ಲಿ ಕಡಲು ಸೇರುತ್ತದೆ, ಬಾಯಿಯಲ್ಲಿ ಮರಳು ತುಂಬಿರುತ್ತದೆ, ಅದರ ಮೇಲೆ ಅಲೆ ಒಡೆಯುತ್ತದೆ. ಅಲ್ಲಿಗೆ ಇನ್ನೇನು ಬಂದೆವು ಅನ್ನುವಾಗ ಇಂಜಿನ್ ಕುಂಟಿತು, ನಿಂತಿತು. ಡ್ರೈವರ್ ಫಿಲ್ಟರ್ ಬಿಚ್ಚಿದ. ಬರೀ ನೀರು. ಎಡ ಟ್ಯಾಂಕಿಗೆ ಬದಲಾಯಿಸಿ, ಪೈಪಿನಲ್ಲಿ ಸೇರಿದ ಗಾಳಿ ತೆಗೆದು ಸ್ಟಾರ್ಟ್ ಮಾಡಿದ. ಐದು ನಿಮಿಷ ಓಡಿ ಮತ್ತೆ ನಿಂತಿತು. ಅದರಲ್ಲೂ ನೀರು. "ಎಂತ ಮಾರಾಯ್ರೆ, ಎರಡೂ ಟ್ಯಾಂಕ್ ಒಂದೇಯಾ?" ಅಂತ ಅವನು ಕೂಗಿದ. ಹೌದು, ಒಂದೇ ಆಗಿತ್ತು. ಅದನ್ನು ಒಂದು ಮಾಡಿದವನು ನಾನು.

ಲಂಗರು ಹಾಕಿದೆವು, ಹಿಡಿಯಲಿಲ್ಲ. ಬೋಟು ಅಡ್ಡ ತಿರುಗಿ ಅಲೆ ಒಡೆಯುವ ಕಡೆಗೇ ಜರುಗುತ್ತಿತ್ತು. ಹಿಂದಿನಿಂದ ಬಂದ ಬೋಟಿನವರು ಹಗ್ಗ ಎಸೆದು ಎಳೆದು ತಂದರು. ಒಳಗೆ ಐದು ಜನ ಇದ್ದೆವು. ಪಂಪ್, ನಾಝಲ್ ಎಲ್ಲ ಬಿಚ್ಚಿ ರಿಪೇರಿ ಆಗುವಷ್ಟರಲ್ಲಿ ಸಿಗಡಿ ಸಿಗುವ ಎರಡು ವಾರ ಹೋಯಿತು. ಆ ಹಗ್ಗ ಎಸೆದವರನ್ನು ಇವತ್ತು ಕಂಡರೂ ನನಗೆ ಗಂಟಲು ಕಟ್ಟುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟ್ಯಾಂಕ್ ಎರಡಾದರೆ ಧೈರ್ಯ ಎರಡು ಪಟ್ಟು ಅಂದುಕೊಳ್ಳಬೇಡಿ. ದಿನ ಹೋಗಿ ದಿನ ಬರುವ ಬೋಟಿಗೆ ಒಂದೇ ಟ್ಯಾಂಕ್ ಸಾಕು, ಆದರೆ ಅದು ಒಳ್ಳೆಯದಿರಬೇಕು. ಒಳಗೆ ಎಣ್ಣೆ ಹೊಯ್ದಾಡದಂತೆ ಅಡ್ಡ ತಗಡು, ತಳದಲ್ಲಿ ನೀರು ಇಳಿಯುವ ಗುಂಡಿ, ಅದಕ್ಕೊಂದು ನಲ್ಲಿ. ಇಂಜಿನ್ನಿಗೆ ಮುಂಚೆ ನೀರು ಬೇರ್ಪಡಿಸುವ ಫಿಲ್ಟರ್ ಎರಡು ಹಾಕಿಸಿ. ಒಂದು ಕಟ್ಟಿದರೆ ಇಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ತಿರುಗಿಸುವ ಹಾಗಿರಲಿ. ಎರಡನೇ ಟ್ಯಾಂಕಿನ ದುಡ್ಡು ಇಲ್ಲಿ ಹಾಕಿ. ಒಳಗೆ ಸತುವಿನ ಲೇಪ ಇರುವ ಜಿಐ ತಗಡು ಮಾತ್ರ ಬೇಡ, ಡೀಸೆಲ್‌ಗೂ ಸತುವಿಗೂ ಆಗುವುದಿಲ್ಲ.

ಹತ್ತು ದಿನ ಕಡಲಲ್ಲಿರುವ ಆಳಸಮುದ್ರ ಬೋಟಿನ ಲೆಕ್ಕ ಬೇರೆ. ಅಷ್ಟು ಎಣ್ಣೆ ಒಂದೇ ಕಡೆ ಇಡಲು ಆಗುವುದಿಲ್ಲ.

ಇಷ್ಟಾದರೂ ಎರಡೇ ಬೇಕು ಅಂದರೆ, ಎರಡಕ್ಕೂ ಬೇರೆ ಎಳೆಯುವ ಪೈಪ್, ಬೇರೆ ರಿಟರ್ನ್, ಬೇರೆ ಗಾಳಿ ಪೈಪ್ ಇರಲಿ. ಯಾವುದರಿಂದ ಎಳೆಯುತ್ತೀರೋ ಅದಕ್ಕೇ ರಿಟರ್ನ್ ಹೋಗಬೇಕು. ಒಂದೇ ಕಡೆಯಿಂದ ಎಳೆದರೆ ಬೋಟು ವಾಲುತ್ತದೆ, ನಿಜ. 300 ಲೀಟರ್ ಡೀಸೆಲ್ ಅಂದರೆ ಸುಮಾರು 250 ಕಿಲೋ. ಅದಕ್ಕೆ ಗಂಟೆ ನೋಡಿ ಟ್ಯಾಂಕ್ ಬದಲಾಯಿಸಿ. ನಡುವಿನ ವಾಲ್ವ್ ತೆರೆದಿಟ್ಟರೆ ಬೋಟು ವಾಲಿದ ಕಡೆಗೇ ಎಣ್ಣೆ ಹರಿದು ಇನ್ನೂ ಜಾಸ್ತಿ ವಾಲುತ್ತದೆ. ಇದನ್ನು ನಾನು ತಡವಾಗಿ ಅರ್ಥ ಮಾಡಿಕೊಂಡೆ. ಎರಡನ್ನೂ ಒಂದೇ ದಿನ ಒಂದೇ ಬಂಕಿನ ಎಣ್ಣೆಯಿಂದ ತುಂಬಿಸಬೇಡಿ, ಆ ಎಣ್ಣೆ ಕೆಟ್ಟಿದ್ದರೆ ಎರಡೂ ಟ್ಯಾಂಕ್ ಕೆಡುತ್ತವೆ.

ಪೆಟ್ರೋಲ್ ಬಂಕಿನವರು ಅಳತೆ ಕೋಲಿಗೆ ಹಚ್ಚುವ ಒಂದು ಪೇಸ್ಟ್ ಇದೆ, ನೀರು ತಾಗಿದರೆ ಬಣ್ಣ ಬದಲಾಗುತ್ತದೆ. ಒಂದು ಟ್ಯೂಬ್ ತಂದಿಟ್ಟುಕೊಳ್ಳಿ. ರಜೆ ಮುಗಿದು ಮೊದಲ ಸಲ ಇಳಿಯುವ ಮುಂಚೆ ಕೋಲು ತಳದವರೆಗೆ ಇಳಿಸಿ ನೋಡಿ. ನಮ್ಮ ಬೋಟಿನಲ್ಲಿ ಈಗ ಎಡ ಟ್ಯಾಂಕ್ ತೆಗೆಸಿದ್ದೇನೆ. ಆ ಜಾಗದಲ್ಲಿ ಬ್ಯಾಟರಿ, ಬಿಡಿ ಹಗ್ಗ ಮತ್ತು ಸ್ವಲ್ಪ ದೊಡ್ಡ ಲಂಗರು ಇದೆ.