ಎಲ್ಲರೂ ಹೂಂ ಅಂದರು, ಯಾರಿಗೂ ಮನಸ್ಸಿಲ್ಲ

ಪ್ರಶ್ನೆ: ನಾವು ನಾಲ್ವರು ಮಕ್ಕಳು, ನಾನೇ ಕೊನೆಯವಳು. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ಮುಂದೇನು ಅಂತ ಮಾತಾಡಲು ಕೂತಾಗ ದೊಡ್ಡಣ್ಣ, 'ಮನೆ ಮಾರೋಣ, ಅಮ್ಮ ಒಬ್ಬೊಬ್ಬರ ಹತ್ತಿರ ಮೂರು ಮೂರು ತಿಂಗಳು ಇರಲಿ' ಎಂದ. ಎಲ್ಲರೂ ಹೂಂ ಅಂದೆವು. ಆಮೇಲೆ ಅಕ್ಕ ಫೋನ್ ಮಾಡಿ ಅತ್ತಳು. ಚಿಕ್ಕಣ್ಣನಿಗೂ ಇಷ್ಟವಿಲ್ಲವಂತೆ. ನನಗೆ ನಿದ್ದೆಯೇ ಬರುತ್ತಿಲ್ಲ. ಈಗ ಬಾಯಿ ಬಿಟ್ಟರೆ ಒಗ್ಗಟ್ಟು ಮುರಿದವಳು ನಾನಾಗುತ್ತೇನಾ?

ಉತ್ತರ: ಇಲ್ಲ, ಆಗುವುದಿಲ್ಲ. ಸುಮ್ಮನಿದ್ದರೇ ಅಪಾಯ ಜಾಸ್ತಿ. ಮನೆ ಮಾರಿಯಾದ ಮೇಲೆ 'ನನಗೆ ಆಗಲೇ ಇಷ್ಟವಿರಲಿಲ್ಲ' ಅಂತ ಒಬ್ಬೊಬ್ಬರೇ ಶುರು ಮಾಡಿದರೆ ಆ ನೋವು ಬೇಗ ಹೋಗುವಂಥದ್ದಲ್ಲ.

ಅಣ್ಣನ ಮೇಲೆ ಸಿಟ್ಟಾಗಬೇಡಿ. ಅವರು ಮೊದಲು ಮಾತಾಡಿದರು, ಅಷ್ಟೇ. ನಿಮ್ಮ ಹೂಂ ಅವರಿಗೆ ಒಪ್ಪಿಗೆಯಾಗಿಯೇ ಕೇಳಿಸಿದೆ.

ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1951ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಯಾವ ಗೆರೆ ಯಾವುದರಷ್ಟು ಉದ್ದ ಎಂದು ಹೇಳಬೇಕು, ಇಷ್ಟೇ ಕೆಲಸ. ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಸಲ ಜನ ಆ ತಪ್ಪನ್ನೇ ಹೇಳಿದರು. ಕಣ್ಣಿಗೆ ಕಾಣುವ ವಿಷಯದಲ್ಲೇ ಹೀಗೆ! ಆದರೆ ಗುಂಪಿನಲ್ಲಿ ಒಬ್ಬರಾದರೂ ಸರಿ ಉತ್ತರ ಕೊಟ್ಟಾಗ ಈ ತಪ್ಪು ತುಂಬಾ ಇಳಿಯಿತು. ಆ ಒಬ್ಬರು ನೀವಾಗಿ.

ಅಣ್ಣನಿಗೆ ನೀವೇ ಹೇಳಿ: 'ಅಣ್ಣಾ, ಅವತ್ತು ಹೂಂ ಅಂದೆ, ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಸಲ ಕೂರೋಣ್ವಾ?' ಅಕ್ಕ ಅತ್ತ ವಿಷಯ ತೆಗೆಯಬೇಡಿ. ಅವಳ ಮಾತನ್ನು ಅವಳೇ ಆಡಲಿ.

ಕೂರುವ ಮೊದಲು ನಾಲ್ವರೂ ಬೇರೆ ಬೇರೆಯಾಗಿ ಎರಡು ವಿಷಯ ಬರೆದು ತನ್ನಿ. ಏನು ಮಾಡಬೇಕು ಅನ್ನಿಸುತ್ತದೆ, ಅಮ್ಮನ ಬಗ್ಗೆ ನನಗೊಬ್ಬನಿಗೇ ಅಥವಾ ಒಬ್ಬಳಿಗೇ ಗೊತ್ತಿರುವುದೇನು. ಈ ಎರಡನೆಯದು ತುಂಬಾ ಮುಖ್ಯ. ಸ್ಟಾಸರ್ ಮತ್ತು ಟೈಟಸ್ ಎಂಬ ಸಂಶೋಧಕರು 1985ರಲ್ಲಿ ನಾಲ್ಕು ಜನರ ಗುಂಪುಗಳನ್ನೇ ಕೂರಿಸಿ, ಮಾತಾಡಿ ಒಬ್ಬ ಅಭ್ಯರ್ಥಿಯನ್ನು ಆರಿಸಲು ಹೇಳಿ ನೋಡಿದ್ದರು. ಒಬ್ಬರಿಗೇ ಗೊತ್ತಿದ್ದ ವಿಷಯ ಎಷ್ಟೋ ಸಲ ಹೊರಗೇ ಬರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದರ ಸುತ್ತಲೇ ಮಾತು ಸುತ್ತಿತು. ಹಾಗಾಗಿ ಒಳ್ಳೆಯ ಆಯ್ಕೆ ತಪ್ಪಿಹೋಯಿತು. ನಿಮ್ಮಲ್ಲೂ ಅಮ್ಮನ ಮಾತ್ರೆಗಳ ವಿಷಯ ಒಬ್ಬರಿಗೆ, ದುಡ್ಡಿನ ಲೆಕ್ಕ ಇನ್ನೊಬ್ಬರಿಗೆ, ರಾತ್ರಿಯ ಭಯ ಮತ್ತೊಬ್ಬರಿಗೆ ಗೊತ್ತಿರಬಹುದು ಅಲ್ವಾ?

ಚಿಕ್ಕವರಾದ ನೀವೇ ಮೊದಲು ಓದಿ. ದೊಡ್ಡಣ್ಣ ಕೊನೆಯಲ್ಲಿ ಓದಲಿ. ಮನೆ ಮಾರಿದರೆ ವಾಪಸ್ ಬರುವುದಿಲ್ಲ. ಬೀಗ ಹಾಕಿ ಮೂರು ತಿಂಗಳು ನೋಡಬಹುದು. ಅಂಥ ದಾರಿ ಇರುವಾಗ ಅವಸರ ಯಾಕೆ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಣ್ಣ ಏನಂದರು, ಅಕ್ಕ ಏನಂದರು, ಎಲ್ಲ ಇದೆ. ಅಮ್ಮ ಏನಂದರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅಣ್ಣನಿಗಿಂತ ಮೊದಲು ಅವರಿಗೆ ಫೋನ್ ಮಾಡಿ.